ಮಂಗಗಳ ಚಕ್ಕುಬಂದಿ

ಭೂಮಿ ಅಳೆಯುವವರಿಗೆ ಒಂದು ರೋಗವಿರುತ್ತದೆ. ಎಲ್ಲಿ ಜಗಳ ಕಂಡರೂ ಅದು ಅಣ್ಣತಮ್ಮಂದಿರದ್ದೇ ಇರಬೇಕು ಎನಿಸುತ್ತದೆ. ನಾನು ಪರವಾನಗಿ ಪಡೆದ ಸರ್ವೆಯರ್. ಶಿರಾಳಕೊಪ್ಪದಲ್ಲಿ ಮನೆ ಮಾಡಿಕೊಂಡು ಶಿಕಾರಿಪುರ, ಸೊರಬ ಎರಡೂ ತಾಲೂಕಿನ ಬದುಗಳನ್ನು ಅಳೆಯುತ್ತೇನೆ. ಬದುವಿನ ಮೇಲೆ ನಿಂತು ಕೈ ತೋರಿಸಿ ಬೈದಾಡುವವರು ಸಾಮಾನ್ಯವಾಗಿ ಒಂದೇ ತಾಯಿಯ ಮಕ್ಕಳು, ಇಲ್ಲವೇ ಆ ಮಕ್ಕಳ ಮಕ್ಕಳು. ಈ ಅಭ್ಯಾಸವೇ ಆ ಮಳೆಗಾಲದಲ್ಲಿ ನನ್ನನ್ನು ಬೇಸ್ತು ಬೀಳಿಸಿತು. ಆಮೇಲೆ ಅದೇ ಕಸುಬು ನನ್ನ ಮಾನವನ್ನೂ ನಮ್ಮತ್ತೆಯ ಬಾಳೆಯನ್ನೂ ಉಳಿಸಿತು. ಅದನ್ನೇ ಹೇಳಹೊರಟಿದ್ದೇನೆ.

ಶ್ರಾವಣದ ಒಂದು ಮಧ್ಯಾಹ್ನ ಅತ್ತೆಯ ಊರಿನ ಪಂಚಾಯಿತಿ ಅಧ್ಯಕ್ಷರು ಫೋನ್ ಮಾಡಿ, ಮಂಗಗಳು ಇರುವ ಜಾಗ ಅಳತೆ ಮಾಡಿಕೊಡಬೇಕು ಎಂದರು. ತಮಾಷೆ ಎಂದುಕೊಂಡು ನಕ್ಕುಬಿಟ್ಟೆ. ಅವರು ನಗಲಿಲ್ಲ. ಊರಿನ ಗೋವಿನಜೋಳದ ಹೊಲಗಳಲ್ಲಿ ತೆನೆ ಹಾಲುಗಟ್ಟುವ ಮೊದಲೇ ಮುರಿದು ಬೀಳುತ್ತಿದ್ದವು. ಹೆಂಚು ಒಡೆಯುತ್ತಿದ್ದವು. ಅಡುಗೆ ಮನೆಯ ಡಬ್ಬಿಗಳು ಮಾಡಿನ ಮೇಲೆ ಸಿಗುತ್ತಿದ್ದವು. ಮಂಗಗಳನ್ನು ಹಿಡಿಸಿ ಅಂಬ್ಲಿಗೊಳದ ಆಚೆಯ ಕಾಡಿಗೆ ಬಿಡಿಸಬೇಕೆಂದು ಪಂಚಾಯಿತಿ ಅರಣ್ಯ ಇಲಾಖೆಯ ಅನುಮತಿ ಕೇಳಿತ್ತು. ಯಾವ ಸರ್ವೆ ನಂಬರಿನಲ್ಲಿ ಎಷ್ಟು ಹಾವಳಿ, ಮಂಗಗಳು ಎಲ್ಲಿ ಮಲಗುತ್ತವೆ, ಬೋನು ಎಲ್ಲಿ ಇಡುವುದು ಎಂಬುದಕ್ಕೆ ಒಂದು ನಕ್ಷೆ ಬೇಕಾಗಿತ್ತು. ಸಭೆಯಲ್ಲಿ ನನ್ನ ಹೆಸರು ಹೇಳಿದವರು ಬೇರೆ ಯಾರೂ ಅಲ್ಲ, ನಮ್ಮತ್ತೆ.

"ನಮ್ಮನ್ಯಾಗ ಒಬ್ಬಾಕಿ ಸರಪಳಿ ಎಳಿತಾಳಲ್ಲ, ಆಕೀನ ಕರೀರಿ" ಎಂದರಂತೆ.

ಅತ್ತೆಯ ಬಾಯಲ್ಲಿ ನಾನು ಯಾವತ್ತೂ ಸರಪಳಿ ಎಳೆಯುವವಳು. ಸರಪಳಿಯ ಕಾಲ ಮುಗಿದು, ಉಪಗ್ರಹದಿಂದ ಸಂಕೇತ ಹಿಡಿದು ಜಾಗ ಗುರುತಿಸುವ ರೋವರ್ ಯಂತ್ರ ಬಂದರೂ ಅವರ ಮಾತು ಬದಲಾಗಲಿಲ್ಲ. ಸೊರಬದ ಕಡೆಯಿಂದ ಬಂದ ಸೊಸೆ, ಗಂಡಸರ ಜೊತೆ ಹೊಲ ಹೊಲ ತಿರುಗುತ್ತಾಳೆ ಎಂಬುದು ಅವರಿಗೆ ಅರ್ಧ ಬೇಸರ, ಇನ್ನರ್ಧ ಏನೆಂದು ಅವರೇ ಹೇಳಿರಲಿಲ್ಲ.

ಅವರು ಈ ಕೆಲಸಕ್ಕೆ ಇಷ್ಟು ಆತುರಪಟ್ಟದ್ದಕ್ಕೆ ಕಾರಣವಿತ್ತು. ಊರಿನ ಪಶ್ಚಿಮಕ್ಕೆ ಒಂದು ಹಳ್ಳ ಹರಿಯುತ್ತದೆ. ಹಳ್ಳದ ಈಚೆ ದಡಕ್ಕೆ ತಾಗಿದಂತೆ ಅತ್ತೆಯ ಪಾಲಿನ ತುಂಡು ಜಮೀನು. ಎಲ್ಲರೂ ಗೋವಿನಜೋಳ ಹಾಕು ಎಂದರೆ ಅವರು ಹಟಕ್ಕೆ ಬಿದ್ದು ಪುಟ್ಟಬಾಳೆ ಹಾಕಿದ್ದರು. ಅವರ ಹಿರಿಯ ಮಗ, ಅಂದರೆ ನಮ್ಮ ಭಾವ, ಮಂಗಗಳಿಗೆ ಅನ್ನಸಂತರ್ಪಣೆ ಎಂದು ನಕ್ಕಿದ್ದರು. ದಸರಾಕ್ಕೆ ಶಿರಾಳಕೊಪ್ಪದ ಸಂತೆಗೆ ಗೊನೆ ಹೊರುವವನು ನೀನೇ, ನೋಡಿಕೊ ಎಂದು ಅತ್ತೆ ತುಂಬಿದ ಮನೆಯಲ್ಲಿ ಸವಾಲು ಹಾಕಿದ್ದರು. ಈಗ ಗೊನೆ ಇಳಿಬಿದ್ದು ಕಾಯಿ ತುಂಬುವ ಹೊತ್ತು. ಬಾಳೆ ಹೋದರೆ ಹಣಕ್ಕಿಂತ ಹೆಚ್ಚಾಗಿ ಆ ಮನೆಯಲ್ಲಿ ಅವರ ಮಾತು ಹೋಗುತ್ತಿತ್ತು. ಇನ್ನು ಮುಂದೆ ಯಾವ ಬೆಳೆ ಎಂದು ಅವರನ್ನು ಯಾರೂ ಕೇಳುತ್ತಿರಲಿಲ್ಲ.

ನಾವು ಸೊರಬದವರು ಮಂಗ ಎನ್ನುತ್ತೇವೆ, ಅತ್ತೆ ಮಂಗ್ಯಾ ಎನ್ನುತ್ತಾರೆ, ಸರ್ಕಾರಿ ಕಾಗದದಲ್ಲಿ ಕೋತಿ. ಮೂರೂ ಒಂದೇ ಪ್ರಾಣಿ, ನೆತ್ತಿಯ ಮೇಲೆ ಬೈತಲೆ ತೆಗೆದು ಟೋಪಿ ಇಟ್ಟ ಹಾಗೆ ಕೂದಲಿರುವಂಥದು. ಮೊದಲ ದಿನ ರೋವರ್ ಹೆಗಲಿಗೇರಿಸಿಕೊಂಡು ಹೊರಟೆ. ಅದೊಂದು ದೊಡ್ಡ ಪೆದ್ದುತನ. ಕಂಬ ನೆಟ್ಟು ಸಂಕೇತ ಸಿಗುವವರೆಗೆ ಕಾಯುವಷ್ಟರಲ್ಲಿ ಮಂಗಗಳು ಮೂರು ಹೊಲ ದಾಟಿರುತ್ತಿದ್ದವು. ಒಂದು ಮರಿಯಂತೂ ಹತ್ತಿರ ಬಂದು ಯಂತ್ರದ ತಲೆ ಮುಟ್ಟಿ ನೋಡಿ ಹೋಯಿತು. ಯಂತ್ರವನ್ನು ಅತ್ತೆಯ ಮನೆಯಲ್ಲಿ ಬಿಟ್ಟು, ಹಳೆಯ ಗ್ರಾಮ ನಕ್ಷೆಯ ಒಂದು ಪ್ರತಿ ಮತ್ತು ಪೆನ್ಸಿಲ್ ಹಿಡಿದುಕೊಂಡೆ. ಸೂರ್ಯ ಹುಟ್ಟುವ ಹೊತ್ತಿಗೆ ಸ್ಕೂಟರಿನಲ್ಲಿ ಬಂದು, ಬಿಸಿಲೇರುವವರೆಗೆ ಅವುಗಳ ಹಿಂದೆ ನಡೆಯುವುದು, ಸಂಜೆ ಮತ್ತೆ ಬಂದು ಅವು ಮಲಗುವ ಮರದ ತನಕ ಬಿಟ್ಟು ಬರುವುದು. ಇದೇ ಕ್ರಮವಾಯಿತು.

ಅವು ಮಲಗುತ್ತಿದ್ದುದು ಕೆರೆ ಏರಿಯ ಮೇಲಿನ ಆಲದ ಮರದಲ್ಲಿ. ಕೆಲವನ್ನು ಗುರುತು ಹಿಡಿಯುವುದು ಬೇಗ ಬಂತು. ಗುಂಪಿನ ದೊಡ್ಡ ಗಂಡಿನ ಎಡಗಿವಿ ಹರಿದಿತ್ತು. ಅದಕ್ಕೆ ಹರಕು ಕಿವಿ ಎಂದೇ ಹೆಸರಿಟ್ಟೆ. ಊಟಕ್ಕೂ ಅವುಗಳಲ್ಲಿ ಒಂದು ಸಾಲು ಇದೆ ಎಂದು ಆಗಲೇ ಗೊತ್ತಾದದ್ದು. ಕೆರೆ ದಂಡೆಯಲ್ಲಿ ಯಾರೋ ಚೆಲ್ಲಿದ ಮಂಡಕ್ಕಿಯ ಮುಂದೆ ಮೊದಲು ಕೂರುವುದು ಹರಕು ಕಿವಿ. ಅದು ಸುಮ್ಮನೆ ಹುಬ್ಬು ಎತ್ತಿ ದಿಟ್ಟಿಸಿದರೆ ಸಾಕು, ಉಳಿದವು ಸರಿಯುತ್ತಿದ್ದವು. ಕೈಲಾಗದವು ದೂರದಿಂದ ನುಗ್ಗಿ, ಸಿಕ್ಕಷ್ಟನ್ನು ಅಗಿಯದೆ ಕೆನ್ನೆಯ ಒಳಚೀಲಕ್ಕೆ ತುರುಕಿಕೊಂಡು ಓಡಿಹೋಗಿ, ಮರದ ಮರೆಯಲ್ಲಿ ನಿಧಾನವಾಗಿ ತಿನ್ನುತ್ತಿದ್ದವು. ಮದುವೆ ಮನೆಯ ಮೊದಲ ಪಂಕ್ತಿಯಲ್ಲಿ ನಾನೇ ಇಂಥವರನ್ನು ಕಂಡಿದ್ದೇನೆ.

ಹಾವಳಿ ಎಲ್ಲೆಲ್ಲಿ ಎಂದು ನಕ್ಷೆಯಲ್ಲಿ ಗುರುತಿಸುತ್ತಾ ಹೋದೆ. ಜೊತೆಗೆ ಜಗಳ ಎಲ್ಲೆಲ್ಲಿ ಎಂದೂ ಒಂದೊಂದು ಗುಣಿಸು ಗುರುತು ಹಾಕಿಕೊಂಡೆ. ಜಗಳಗಳಲ್ಲಿ ಹೆಚ್ಚಿನವು ಪಶ್ಚಿಮದಲ್ಲಿ, ಹಳ್ಳದ ಉದ್ದಕ್ಕೆ, ಅತ್ತೆಯ ಬಾಳೆಯ ಅಂಚಿನಲ್ಲಿದ್ದ ದೊಡ್ಡ ಹುಣಸೆ ಮರದ ಸುತ್ತ. ಅಲ್ಲಿ ಹರಕು ಕಿವಿ ತುದಿ ಕೊಂಬೆಗೆ ಏರಿ ಇಡೀ ಮರ ಅಲ್ಲಾಡುವ ಹಾಗೆ ಜಗ್ಗುತ್ತಿತ್ತು. ಕೂಗಾಟ, ಅಟ್ಟಾಟ, ಹಲ್ಲು ಕಿರಿಯುವುದು, ಆಮೇಲೆ ಚದುರುವುದು. ನನ್ನ ರೋಗ ಗೊತ್ತಲ್ಲ. ಮೇವಿರುವ ಜಾಗ, ಹಂಚಿಕೆಯ ಜಗಳ, ದಾಯಾದಿಗಳ ಗಲಾಟೆ ಎಂದು ತೀರ್ಮಾನಿಸಿದೆ. ಕೆರೆಯ ಆಲದಿಂದ ಹಳ್ಳದ ಆಚೆಯ ಮಾವಿನ ತೋಪಿನವರೆಗೆ ಎಲ್ಲವೂ ಒಂದೇ ಖಾತೆ, ಒಂದೇ ಗುಂಪು ಎಂದು ನಕ್ಷೆ ಬರೆದು, ಬೋನಿಡಲು ಆಲದ ಮರದ ಬುಡವೇ ಸರಿ ಎಂದು ಗುರುತು ಮಾಡಿ ಅಧ್ಯಕ್ಷರ ಕೈಗೆ ಕೊಟ್ಟೆ. ಊರಲ್ಲಿ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಅವರೂ ಹಾಗೇ ತಿಳಿದಿದ್ದರು.

ಅನುಮತಿ ಬಂತು. ದಾವಣಗೆರೆ ಕಡೆಯಿಂದ ಮಂಗ ಹಿಡಿಯುವವನೊಬ್ಬ ವ್ಯಾನಿನಲ್ಲಿ ದೊಡ್ಡ ಬೋನು ತಂದ. ಮಾತುಗಾರ. ತಾನು ಕೈ ಹಾಕಿದ ಊರಲ್ಲಿ ಮತ್ತೆ ಮಂಗ ಕಂಡರೆ ಮೀಸೆ ಬೋಳಿಸುತ್ತೇನೆ ಎಂದ. ಬಾಳೆಹಣ್ಣು, ಶೇಂಗಾ ಹಾಕಿ ಬೋನು ತೆರೆದಿಟ್ಟು, ಮೊದಲು ಒಂದಿಷ್ಟು ದಿನ ಬಾಗಿಲು ಹಾಕದೆ ತಿನ್ನಲು ಬಿಟ್ಟ. ಭಯ ಬಿಟ್ಟ ಮೇಲೆ ಹಗ್ಗ ಎಳೆದ. ಒಳಗೆ ಸಿಕ್ಕಿದ್ದು ಹರಕು ಕಿವಿ, ಅದರ ಬೆನ್ನಿಗಿದ್ದ ಇನ್ನೆರಡು ಬಲಿತ ಗಂಡು, ಒಂದಷ್ಟು ದೊಡ್ಡ ಹೆಣ್ಣುಗಳು. ಮೊದಲು ತಿನ್ನುವವೇ ಮೊದಲು ಸಿಕ್ಕಿಬಿದ್ದವು. ಉಳಿದವನ್ನೂ ಹಿಡಿದ ಮೇಲೆ ಒಟ್ಟಿಗೆ ಸಾಗಿಸೋಣ ಎಂದು ಅವುಗಳನ್ನು ಪಂಚಾಯಿತಿಯ ಹಿಂದಿನ ಶೆಡ್ಡಿನಲ್ಲಿ ಇಟ್ಟರು. ಊರು ಹಬ್ಬ ಮಾಡಿತು. ಅತ್ತೆ ನನಗೆ ಹೋಳಿಗೆ ಕಟ್ಟಿ ಕೊಟ್ಟರು.

ಹೋಳಿಗೆ ಮುಗಿಯುವ ಮೊದಲೇ ಅತ್ತೆಯ ಫೋನ್ ಬಂತು. ಹೋಗಿ ನೋಡಿದರೆ ಹಳ್ಳದ ಕಡೆಯ ಎರಡು ಸಾಲು ಬಾಳೆ ಹಾಳಾಗಿತ್ತು. ಗೊನೆಗಳ ಕಾಯಿ ಅರ್ಧರ್ಧ ಕಚ್ಚಿ ಬಿಸಾಡಿದ್ದವು. ಹೂ ಮುರಿದು, ಎಳೆಯ ದಿಂಡು ಸೀಳಿ ತಿಂದಿದ್ದವು. ಇಡೀ ಮಳೆಗಾಲದಲ್ಲಿ ಆಗದ ನಷ್ಟ ಒಂದೇ ಬೆಳಗಿನಲ್ಲಿ ಆಗಿತ್ತು. ಅತ್ತೆ ಬದುವಿನ ಮೇಲೆ ಕೂತಿದ್ದರು. ಬೈಯುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಸಂಕಟವಾಯಿತು. ಭಾವ ಏನೂ ಹೇಳದೆ ಒಂದು ಸುತ್ತು ನೋಡಿ ಮನೆಗೆ ಹೋದರು.

ಹಿಡಿಯುವವನಿಗೆ ಕಾರಣ ಸಿದ್ಧವಾಗಿತ್ತು. ಯಜಮಾನನನ್ನು ಹಿಡಿದದ್ದಕ್ಕೆ ಉಳಿದವು ಸೇಡು ತೀರಿಸಿಕೊಂಡಿವೆ, ಅವನ್ನೂ ಹಿಡಿದರೆ ಮುಗಿಯಿತು ಎಂದ. ಊರೆಲ್ಲ ತಲೆಯಾಡಿಸಿತು. ನನಗೂ ಹಾಗೇ ನಂಬಿ ಮನೆಗೆ ಹೋಗುವ ಆಸೆಯಿತ್ತು. ಆದರೆ ಅಲ್ಲಿಗೆ ಬರುವ ದಾರಿಯಲ್ಲಿ ಕೆರೆ ಏರಿಯ ಆಲದ ಮೇಲೆ ಉಳಿದ ಮಂಗಗಳು ಮುದುಡಿ ಕೂತದ್ದನ್ನು ನಾನೇ ನೋಡಿದ್ದೆ. ಅವು ಕೆಳಗಿಳಿದೇ ಇರಲಿಲ್ಲ. ಮತ್ತೆ, ನಾನು ಬಂದಾಗ ಬಾಳೆಯಿಂದ ಹುಣಸೆಗೆ ಹಾರಿ ಹಳ್ಳ ದಾಟಿದ ಕೊನೆಯ ಮಂಗದ ಮುಖ ಕೆಂಪಗಿತ್ತು, ಬಾಲದ ತುದಿ ಮೊಂಡಾಗಿತ್ತು. ಅಷ್ಟು ದಿನ ಹಿಂದೆ ತಿರುಗಿದ ಗುಂಪಿನಲ್ಲಿ ಅಂಥ ಬಾಲವನ್ನು ನಾನು ಒಮ್ಮೆಯೂ ಕಂಡಿರಲಿಲ್ಲ.

ಅಲ್ಲೇ ಬದುವಿನ ಮೇಲೆ ನನ್ನ ನಕ್ಷೆಯ ಪ್ರತಿ ಬಿಚ್ಚಿದೆ. ಯಾವುದೇ ಜಮೀನಿಗೆ ನಾಲ್ಕು ದಿಕ್ಕಿನ ಗಡಿ ಹೇಳುವುದಕ್ಕೆ ನಮ್ಮಲ್ಲಿ ಚಕ್ಕುಬಂದಿ ಎನ್ನುತ್ತೇವೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಇಂಥವರ ಗದ್ದೆ ಎಂದು ಪ್ರತಿ ದಿಕ್ಕಿಗೂ ಪಕ್ಕದವರ ಹೆಸರು ಬೇಕು. ಆ ಪಕ್ಕದವರೇ ಬಾಜುದಾರರು. ಅವರಿಗೆ ನೋಟಿಸ್ ಕೊಡದೆ ಗಡಿ ಅಳೆದರೆ ಅದು ನಿಲ್ಲುವುದಿಲ್ಲ, ನಮ್ಮ ಕಸುಬಿನಲ್ಲಿ ಮೊದಲು ಕಲಿಸುವ ಪಾಠವೇ ಅದು. ಮಂಗಗಳ ನಕ್ಷೆಯಲ್ಲಿ ನಾನು ಬರೆದದ್ದು ಇಷ್ಟು: ಪೂರ್ವಕ್ಕೆ ಕೆರೆ, ಉತ್ತರಕ್ಕೆ ಡಾಂಬರು ರಸ್ತೆ, ದಕ್ಷಿಣಕ್ಕೆ ಊರು, ಪಶ್ಚಿಮಕ್ಕೆ ಮಾವಿನ ತೋಪು. ಒಂದು ಕಡೆಗೂ ಬಾಜುದಾರನಿಲ್ಲ. ಮನುಷ್ಯರ ಜಮೀನಿಗೆ ಯಾರಾದರೂ ಇಂಥ ಚಕ್ಕುಬಂದಿ ತಂದರೆ ನಾನೇ ಅದನ್ನು ಮುಖಕ್ಕೆ ಎಸೆದು ಕಳಿಸುತ್ತಿದ್ದೆ.

ಗುಣಿಸು ಹಾಕಿದ ಜಗಳಗಳನ್ನು ಬೆರಳಿಂದ ಒಂದೊಂದಾಗಿ ಮುಟ್ಟಿದೆ. ಹಳ್ಳದ ಗುಂಟ ಅವು ಒಂದೇ ಸಾಲಿನಲ್ಲಿದ್ದವು. ದಾಯಾದಿಗಳು ಮನೆಯ ಅಂಗಳದಲ್ಲೂ ಜಗಳಾಡುತ್ತಾರೆ, ಹೊಲದಲ್ಲೂ ಆಡುತ್ತಾರೆ. ಹೀಗೆ ಗೆರೆ ಹಿಡಿದು ಆಡುವುದಿಲ್ಲ. ಇನ್ನೊಂದು ಮಾತೂ ನೆನಪಾಯಿತು. ಆಲದ ಕೆಳಗೆ ಕಚ್ಚಾಡಿದ ಮಂಗಗಳು ಸ್ವಲ್ಪ ಹೊತ್ತಿಗೇ ಒಂದರ ಹೇನು ಒಂದು ಹೆಕ್ಕುತ್ತಾ ಕೂರುತ್ತಿದ್ದವು. ಹುಣಸೆಯ ಬಳಿ ಕಚ್ಚಾಡಿದವು ಒಂದನ್ನೊಂದು ಯಾವತ್ತೂ ಮುಟ್ಟಿರಲಿಲ್ಲ. ಅರ್ಧ ಹಳ್ಳದ ಈಚೆ, ಅರ್ಧ ಆಚೆ ಹೋಗುತ್ತಿದ್ದವು. ಕಣ್ಣಾರೆ ಕಂಡದ್ದನ್ನು ತಲೆ ಒಪ್ಪಿರಲಿಲ್ಲ, ಅಷ್ಟೇ.

ಅನುಮಾನ ಸಾಲದು, ಸಾಕ್ಷಿ ಬೇಕು. ನಾನು ಒಂದೇ ಕಡೆ ಇರಬಲ್ಲೆ. ಅತ್ತೆಗೆ ಹೇಳಿದೆ, ನಾಳೆ ಬೆಳಕು ಹರಿಯುವ ಹೊತ್ತಿಗೆ ನೀವು ಹಳ್ಳ ದಾಟಿ ಮಾವಿನ ತೋಪಿನಲ್ಲಿ ನಿಲ್ಲಿ, ನಾನು ಆಲದ ಕೆಳಗೆ ನಿಂತಿರುತ್ತೇನೆ ಎಂದು. ನನ್ನನ್ನು ಕೆಳಗಿಂದ ಮೇಲೆ ನೋಡಿದರು. ಆದರೂ ಬಂದರು. ಮರುದಿನ ಮೊದಲ ಬಸ್ಸು ಹೋಗುವ ಮುಂಚೆ ನಾನು ಆಲದ ಮೇಲೆ ಮಂಗಗಳನ್ನು ಎಣಿಸುತ್ತಿದ್ದಾಗಲೇ ಫೋನ್ ಬಂತು. ಅವರ ದನಿ ಮೆಲ್ಲಗಿತ್ತು.

"ಇಲ್ಲೂ ಅದಾವಲ್ಲವ್ವಾ. ಮರದ ತುಂಬ ಅದಾವ. ಮೊಂಡ ಬಾಲದ್ದು ಒಂದು ಐತಿ."

ಒಂದೇ ಹೊತ್ತಿನಲ್ಲಿ ಎರಡು ಕಡೆ ಇರಲು ಮಂಗಗಳೇನು ದೇವರಲ್ಲ. ಎರಡು ಗುಂಪು. ತೋಪಿನದು ಬಂದಳಿಕೆ ಊರಿನ ಕಡೆಯಿಂದ ಇಳಿದು ಬಂದದ್ದು, ಕೆರೆ ಗುಂಪಿಗಿಂತ ದೊಡ್ಡದು. ಇಷ್ಟು ದಿನ ಅದನ್ನು ಹಳ್ಳದ ಆಚೆಗೇ ತಡೆದು ನಿಲ್ಲಿಸಿದ್ದು ಹರಕು ಕಿವಿ ಮತ್ತು ಅದರ ಬಳಗ. ನಾವು ಬೋನು ಹಾಕಿ ಗಡಿ ಕಾಯುವವರನ್ನೇ ಹಿಡಿದಿದ್ದೆವು. ಹಿಡಿದು ಇನ್ನೂ ವ್ಯಾನೇ ಹತ್ತಿಸಿರಲಿಲ್ಲ, ಅಷ್ಟರಲ್ಲೇ ಬಾಜುದಾರ ಒತ್ತುವರಿ ಮಾಡಿಯಾಗಿತ್ತು.

ಅಂದೇ ಅಧ್ಯಕ್ಷರಿಗೆ ಹೇಳಿ ಪಂಚಾಯಿತಿ ಕಟ್ಟೆಯಲ್ಲಿ ಜನ ಸೇರಿಸಿದೆ. ನನ್ನ ನಕ್ಷೆ ತಪ್ಪು, ವಾಪಸು ಪಡೆಯುತ್ತೇನೆ, ಹಿಡಿದ ಮಂಗಗಳನ್ನು ಆಲದ ಕೆಳಗೇ ಬಿಡಬೇಕು ಎಂದೆ. ಗಲಾಟೆ ಎದ್ದಿತು. ಕೆಲವರು ನನ್ನ ಲೈಸೆನ್ಸ್ ಕೇಳಿದರು, ಕೆಲವರು ನನ್ನ ತವರನ್ನು ಎಳೆದರು. ಹಿಡಿಯುವವನು ಕೈಯೆತ್ತಿ, ಇಷ್ಟಕ್ಕೆಲ್ಲ ಯಾಕೆ ಜಗಳ, ತೋಪಿನ ಗುಂಪನ್ನೂ ತಾನೇ ಹಿಡಿಯುತ್ತೇನೆ ಎಂದ. ಜನಕ್ಕೆ ಅದು ಹಿಡಿಸಿತು. ನಾನು ಅಧ್ಯಕ್ಷರ ಕಡೆ ತಿರುಗಿದೆ. ಅವರು ತಮ್ಮ ಒಂದು ಗದ್ದೆಯ ಬದುವಿಗಾಗಿ ಅಪ್ಪನ ಕಾಲದಿಂದ ಕೋರ್ಟು ಹತ್ತಿದವರು. ಆ ಬದುವನ್ನು ಕೊನೆಗೆ ಅಳೆದುಕೊಟ್ಟವಳು ನಾನೇ.

"ಅಧ್ಯಕ್ಷರೇ, ತೋಪಿನ ಗುಂಪಿನ ಪಶ್ಚಿಮಕ್ಕೆ ಬಾಜುದಾರ ಯಾರು?" ಎಂದು ಕೇಳಿದೆ.

ಅವರು ಹಳ್ಳದ ಕಡೆ ಕತ್ತು ತಿರುಗಿಸಿದರು. ನಾನೇ ಮುಂದುವರಿಸಿದೆ.

"ಅವುಗಳನ್ನೂ ಹಿಡಿದರೆ ಅದರಾಚೆಯವು ಬರ್ತವೆ. ಅವನ್ನೂ ಹಿಡಿದರೆ ಅದರಾಚೆಯವು. ನಿಮ್ಮ ಬದು ಖಾಲಿ ಬಿದ್ದಿದ್ರೆ ಪಕ್ಕದವ್ರು ಸುಮ್ನೆ ಇರ್ತಿದ್ರಾ? ಇವು ಈ ಊರಿನ ಪಾಲಿಗೆ ಬಂದ ಮಂಗಗಳು. ತಿಂದ್ರೂ ಅಳತೇಲಿ ತಿಂತಿದ್ವು, ಯಾಕೆಂದ್ರೆ ನಾಳೆಗೂ ಇಲ್ಲೇ ಇರ್ಬೇಕು ಅಂತ ಅವಕ್ಕೆ ಗೊತ್ತು. ಹೊಸಬರು ಲೂಟಿ ಮಾಡಿ ಹೋಗ್ತಾರೆ."

ಯಾರೋ, ನಿಮ್ಮ ಮಾತು ಸುಳ್ಳಾದರೆ ಎಂದರು. ಅದಕ್ಕೆ ನಾನು ಸಿದ್ಧಳಾಗಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ, ಅತ್ತೆಯ ಬಾಳೆ ದಸರಾಕ್ಕೆ ಸಂತೆ ಮುಟ್ಟದಿದ್ದರೆ ಈ ಊರಿನಲ್ಲಿ ಇನ್ನು ಅಳತೆಗೆ ಕಾಲಿಡುವುದಿಲ್ಲ ಎಂದು. ಹಿಂದೆ ಹೆಂಗಸರ ನಡುವೆ ಕೂತಿದ್ದ ಅತ್ತೆ ಎದ್ದು ನಿಂತರು. ಹೋದದ್ದು ಅವರ ಬಾಳೆ, ಪಣಕ್ಕಿಟ್ಟವಳು ನಾನು. ಎಲ್ಲರೆದುರು ಉಗಿಯುತ್ತಾರೆಂದು ತಲೆ ತಗ್ಗಿಸಿದೆ.

"ಬಾಳಿ ನಂದು. ಹೋದ್ರ ನಂದು ಹೋಗ್ತೈತಿ. ತೋಪಿನ್ಯಾಗ ನಾನೂ ಕಣ್ಣಾರೆ ನೋಡೀನಿ. ಬಿಡ್ರಿ ಅವನ್ನ" ಎಂದರು.

ಅಧ್ಯಕ್ಷರು ಅರಣ್ಯ ಇಲಾಖೆಯ ಗಾರ್ಡ್‌ಗೆ ಫೋನ್ ಮಾಡಿದರು. ಹಿಡಿದಲ್ಲೇ ಬಿಡುವುದಾದರೆ ತನಗೂ ತಲೆನೋವು ಕಡಿಮೆ ಎಂದು ಆ ಪುಣ್ಯಾತ್ಮ ಅಂದೇ ಬಂದು ನಿಂತ. ಸಂಜೆಯೊಳಗೆ ಬೋನಿನ ಬಾಗಿಲು ಆಲದ ಕೆಳಗೆ ತೆರೆಯಿತು. ಹರಕು ಕಿವಿ ಎಲ್ಲರಿಗಿಂತ ಕೊನೆಯಲ್ಲಿ ಹೊರಬಂದು, ನಮ್ಮನ್ನು ಒಮ್ಮೆ ಹುಬ್ಬೆತ್ತಿ ನೋಡಿ ಮರ ಹತ್ತಿತು. ಹಿಡಿಯುವವನು ವ್ಯಾನ್ ತೆಗೆದುಕೊಂಡು ಹೋದ. ಮೀಸೆ ಹಾಗೇ ಇತ್ತು.

ನಾನು ಮರುದಿನವೇ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ. ತೋಪಿನ ಗುಂಪು ಬೆಳಿಗ್ಗೆ ಹುಣಸೆಯ ಕೊಂಬೆ ಹಿಡಿದು ಹಳ್ಳ ದಾಟಿ ಬಂತು, ಕೆರೆ ಗುಂಪು ಆಲ ಬಿಟ್ಟು ಕದಲಲಿಲ್ಲ. ಬೋನಿನ ಭಯ ಇನ್ನೂ ಇಳಿದಿರಲಿಲ್ಲ. ಅತ್ತೆ ಡಬ್ಬ ಬಡಿಯುತ್ತಾ ಓಡಾಡಿದರು. ಇನ್ನಷ್ಟು ಗೊನೆ ಹೋದವು. ಭಾವ ಈ ಸಲ ಬಾಯಿ ಬಿಟ್ಟು, ತಮ್ಮನ ಹೆಂಡತಿಗೆ ಮಂಗಗಳ ವಕಾಲತ್ತು ಸಿಕ್ಕಿದೆ ಎಂದರು. ನನಗೆ ಅಳು ಬಂತು, ಅದನ್ನು ನುಂಗಿ ರೋವರ್ ತೆಗೆದೆ.

ಬಿಡುವುದು ಮಾತ್ರ ಸಾಲದು, ಅವುಗಳ ಗಡಿಯನ್ನು ಗಟ್ಟಿ ಮಾಡಿಕೊಡಬೇಕು ಎಂದು ನನಗೆ ಹೊಳೆದದ್ದು ಆಗ. ದಾಟುವ ದಾರಿ ಎಲ್ಲಿ ಎಂದು ಹಳ್ಳದ ಗುಂಟ ನಡೆದು ನೋಡಿದೆ. ಆಳದ ಜಾಗ, ನೀರು ತುಂಬಿತ್ತು. ಹುಣಸೆಯ ಒಂದು ದೊಡ್ಡ ಕೊಂಬೆ ಮಾತ್ರ ಆಚೆ ದಡದ ಮಾವಿಗೆ ಕೈ ಕೊಟ್ಟಂತೆ ಚಾಚಿತ್ತು. ಅದನ್ನು ಕಡಿಯಬೇಕು. ಆದರೆ ಹುಣಸೆ ಯಾರದು? ಅತ್ತೆ ತಮ್ಮದು ಎನ್ನುತ್ತಿದ್ದರು, ಆಚೆ ದಡದ ತೋಪಿನವರು ತಮ್ಮದು ಎನ್ನುತ್ತಿದ್ದರು, ಆ ಜಗಳಕ್ಕೆ ನನ್ನ ಮದುವೆಗಿಂತ ಹೆಚ್ಚು ವಯಸ್ಸು. ಈ ಸಲ ಆಚೆಯವರಿಗೆ ಮೊದಲೇ ತಿಳಿಸಿ, ಅವರನ್ನು ಎದುರಿಗೆ ನಿಲ್ಲಿಸಿಕೊಂಡೇ ಅಳೆದೆ. ಮರ ನಿಂತದ್ದು ಸರ್ಕಾರಿ ಹಳ್ಳದ ಖರಾಬು ಜಾಗದಲ್ಲಿ, ಇಬ್ಬರದೂ ಅಲ್ಲ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಅಧ್ಯಕ್ಷರು ಕೇಳಬೇಕಾದವರನ್ನು ಕೇಳಿ ಆ ಒಂದು ಕೊಂಬೆ ಮಾತ್ರ ಇಳಿಸಿದರು. ಮರ ಹಾಗೇ ಉಳಿಯಿತು, ಏಕೆಂದರೆ ಹರಕು ಕಿವಿಗೆ ಏರಿ ಅಲ್ಲಾಡಿಸಲು ಅದು ಬೇಕಿತ್ತು.

ಬಾಳೆಗೂ ಹಳ್ಳಕ್ಕೂ ನಡುವಿನ ಪೊದೆಯನ್ನು ಸವರಿ ಬಯಲು ಮಾಡಿಸಿದೆ. ಅಡಗಿ ಬರಲು ಮರೆಯಿಲ್ಲದ ಜಾಗವನ್ನು ಮಂಗಗಳು ಅನುಮಾನದಿಂದಲೇ ನೋಡುತ್ತವೆ. ಹೊಲ ಕಾಯುವ ಗುಡಿಸಲು ಊರಿನ ಕಡೆ ಇತ್ತು. ಅದನ್ನು ಕಿತ್ತು ಹಳ್ಳದ ಅಂಚಿಗೆ ಹಾಕಿಸಿದೆ. ಇಷ್ಟು ವರ್ಷ ನಾವು ಕೆರೆ ಗುಂಪನ್ನು ಹಳ್ಳದ ಕಡೆ ಓಡಿಸುತ್ತಿದ್ದೆವು, ಅಂದರೆ ಅವುಗಳನ್ನು ಅವುಗಳ ಶತ್ರುವಿನ ಬಾಯಿಗೆ ದೂಡುತ್ತಿದ್ದೆವು. ಈಗ ಡಬ್ಬ ಬಡಿಯುವುದು ಪಶ್ಚಿಮಕ್ಕೆ ಮುಖ ಮಾಡಿ ಮಾತ್ರ. ಕೆರೆ ಏರಿಯಲ್ಲಿ ಮಂಡಕ್ಕಿ, ಬಿಸ್ಕತ್ತು ಹಾಕುವುದನ್ನು ಪಂಚಾಯಿತಿ ನಿಲ್ಲಿಸಿತು. ಅದಕ್ಕೆ ಬೈಸಿಕೊಂಡವಳು ನಾನೇ, ಹನುಮಂತನ ಹೊಟ್ಟೆಗೆ ಹೊಡೆದವಳು ಎಂದು. ಇರಲಿ, ಹನುಮಂತನಿಗೆ ಆಲದ ಹಣ್ಣಿತ್ತು, ಅತ್ತಿಯ ಹಣ್ಣಿತ್ತು. ಬಾಳೆಯ ಊರ ಕಡೆಯ ಒಂದು ಸಾಲನ್ನು ಅವುಗಳ ಪಾಲು ಎಂದು ಅತ್ತೆ ಬಿಟ್ಟುಕೊಟ್ಟರು. ಅಷ್ಟಕ್ಕೆ ಒಪ್ಪಿಸಲು ನನಗೆ ಒಂದು ಇಡೀ ಸಂಜೆ ಬೇಕಾಯಿತು.

ಮಹಾಲಯ ಅಮಾವಾಸ್ಯೆ ಹತ್ತಿರವಿದ್ದ ಒಂದು ಬೆಳಿಗ್ಗೆ ನಾನೂ ಅತ್ತೆಯೂ ಗುಡಿಸಲಿನ ಮುಂದೆ ಚಹಾ ಕುಡಿಯುತ್ತಿದ್ದೆವು. ತೋಪಿನ ಗುಂಪು ಆಚೆ ದಡಕ್ಕೆ ಬಂತು. ಕೊಂಬೆಯಿಲ್ಲದ ಜಾಗ ನೋಡಿ ಕೆಳಗೆ, ಮಳೆ ಕಡಿಮೆಯಾಗಿ ನೀರು ತೆಳುವಾಗಿದ್ದಲ್ಲಿ ಇಳಿಯತೊಡಗಿತು. ಅತ್ತೆ ಡಬ್ಬಕ್ಕೆ ಕೈ ಹಾಕಿದರು. ಅಷ್ಟರಲ್ಲಿ ನಮ್ಮ ತಲೆಯ ಮೇಲೆಯೇ ಹುಣಸೆ ಕುಲುಕಿತು. ಹರಕು ಕಿವಿ ತುದಿಯಲ್ಲಿ ನಿಂತು ಕೊಂಬೆ ಜಗ್ಗುತ್ತಿತ್ತು. ಒಣ ಕಾಯಿ ನಮ್ಮ ಮೇಲೆ ಉದುರಿದವು. ಅದರ ಹಿಂದೆ ಇನ್ನೆರಡು ಗಂಡು, ಆಮೇಲೆ ಬಾಳೆಯ ಅಂಚಿಗೆ ಹೆಣ್ಣುಗಳು, ಹೊಟ್ಟೆಗೆ ಮರಿ ಅವಚಿಕೊಂಡವು ಕೂಡ, ಸಾಲಾಗಿ ಬಂದು ಕೂತವು. ಬೋನಿಗೆ ಹೆದರಿ ಆಲ ಬಿಡದೆ ಕೂತಿದ್ದವೇ ಎಲ್ಲವೂ. ನಾನು ಅತ್ತೆಯ ಕೈ ಹಿಡಿದು ಡಬ್ಬ ಬಡಿಯಬೇಡಿ ಎಂದೆ.

ಕೂಗಾಟ ಜೋರಾಯಿತು. ಮೊಂಡ ಬಾಲದ್ದು ಅರ್ಧ ಹಳ್ಳದವರೆಗೆ ಬಂದು ನಿಂತಿತು. ಹರಕು ಕಿವಿ ಮರದಿಂದ ಧುಮುಕಿ ಸವರಿದ ಬಯಲಿನಲ್ಲಿ ನೇರ ಓಡಿತು, ಅದರ ಬೆನ್ನಿಗೆ ಆರೇಳು. ಕಚ್ಚಾಟಕ್ಕೆ ಹೋಗಲೇ ಇಲ್ಲ. ಮೊಂಡ ಬಾಲ ತಿರುಗಿತು, ಅದರ ಹಿಂದೆ ಇಡೀ ಗುಂಪು ತೋಪಿಗೆ ಏರಿತು. ಈಚೆಯವು ಹಳ್ಳದ ಅಂಚಿಗೆ ಬಂದು ನಿಂತವು, ಒಂದು ಹೆಜ್ಜೆಯೂ ದಾಟಲಿಲ್ಲ. ನಾನು ಜೀವನದಲ್ಲಿ ಎಷ್ಟೋ ಗಡಿ ಕಲ್ಲು ನೆಡಿಸಿದ್ದೇನೆ, ಅವುಗಳಲ್ಲಿ ಕೆಲವನ್ನು ಅದೇ ವಾರ ಕಿತ್ತು ಬಿಸಾಡಿದ್ದಾರೆ. ಕಲ್ಲೇ ಇಲ್ಲದ ಗಡಿಯೊಂದು ಕಣ್ಣೆದುರು ನಿಂತದ್ದು ಅಂದೇ. ಹೆಮ್ಮೆಯಾಯಿತು, ಬಹಳ ಹೆಮ್ಮೆಯಾಯಿತು.

ಆಮೇಲೂ ಅವು ಬಂದವು, ಹೋದವು. ಆದರೆ ಹಳ್ಳ ದಾಟಿ ಬಾಳೆ ಮುಟ್ಟಲಿಲ್ಲ. ಕೆರೆ ಗುಂಪು ತನ್ನ ಪಾಲಿನ ಸಾಲನ್ನು ತಿಂದಿತು, ಪಕ್ಕದ ಸಾಲಿಗೂ ಅಷ್ಟಿಷ್ಟು ಬಾಯಿ ಹಾಕಿತು. ಅಷ್ಟು ಒತ್ತುವರಿ ಯಾರು ಮಾಡುವುದಿಲ್ಲ ಹೇಳಿ. ದಸರಾದ ಮುಂಚಿನ ಸಂತೆಗೆ ಅತ್ತೆಯ ಗೊನೆಗಳು ಹೋದವು. ಗಾಡಿಗೆ ಹೊತ್ತು ಹಾಕಿದವರು ಭಾವ. ಪ್ರತಿ ಗೊನೆಗೂ ಅತ್ತೆ ಪಕ್ಕದಲ್ಲಿ ನಿಂತು, ಜ್ವಾಕಿ, ಕಾಯಿ ಉದುರೀತು ಎನ್ನುತ್ತಿದ್ದರು. ಕೊನೆಗೆ ಭಾವ, ಬರುವ ವರ್ಷ ಕೆಳಗಿನ ತುಂಡಿಗೆ ಏನು ಹಾಕೋಣ ಎಂದು ಅವರನ್ನೇ ಕೇಳಿದರು. ಅತ್ತೆ ಕೇಳಿಸಿದ್ದು ಸಾಲದೆಂಬಂತೆ ಇನ್ನೊಮ್ಮೆ ಕೇಳಿಸಿಕೊಂಡು, ಆಮೇಲೆ ನೋಡೂಣು ಎಂದರು.

ಭೂಮಿ ಹುಣ್ಣಿಮೆಯ ದಿನ ಎಲ್ಲರೂ ಬಾಳೆಯ ಹೊಲಕ್ಕೆ ಹೋದೆವು. ಭೂಮಿತಾಯಿಗೆ ಬಸುರಿಯ ಬಯಕೆಯೂಟ ಬಡಿಸುವ ಹಬ್ಬ ಅದು. ಸೊಪ್ಪು, ಅನ್ನ, ಕಡುಬು ಕಲಸಿ ಬುಟ್ಟಿಯಲ್ಲಿಟ್ಟುಕೊಂಡು ಹೊಲದ ನಾಲ್ಕೂ ಗಡಿ ಸುತ್ತಿ ಚೆಲ್ಲುತ್ತಾರೆ, ಅದಕ್ಕೆ ಚರಗ ಎನ್ನುತ್ತಾರೆ. ಅತ್ತೆ ಮುಂದೆ, ನಾನು ನೀರಿನ ತಂಬಿಗೆ ಹಿಡಿದು ಹಿಂದೆ. ಉತ್ತರ, ಪೂರ್ವ, ದಕ್ಷಿಣ ಮುಗಿಸಿ ಹಳ್ಳದ ಅಂಚಿಗೆ ಬಂದರು. ಹುಣಸೆಯ ಬುಡದಲ್ಲಿ ನಿಂತು, ಎಂದಿನಂತೆ ನಮ್ಮ ಹೊಲಕ್ಕೆ ಚೆಲ್ಲದೆ, ಒಂದು ಹಿಡಿ ಎತ್ತಿ ಹಳ್ಳದ ಆಚೆಗೆ ಎಸೆದರು.

ನಾನು ತಡೆದೆ. ಮಂಗಗಳಿಗೆ ಹಾಕಬೇಡಿ ಎಂದು ಊರಿಗೆಲ್ಲ ನಾನೇ ಹೇಳಿದ್ದೇನೆ, ನೀವೇ ಹೀಗೆ ಮಾಡಿದರೆ ಹೇಗೆ ಎಂದೆ.

"ಇದು ಊಟಲ್ಲ" ಎಂದರು ಅತ್ತೆ. "ಬಾಜುದಾರ್ಗೆ ನೋಟಿಸು."

ಹಿಂದೆ ನಿಂತಿದ್ದ ಭಾವ ನಕ್ಕರು. ಅತ್ತೆ ನಗಲಿಲ್ಲ. ಬುಟ್ಟಿಯನ್ನು ನನ್ನ ಕಡೆ ಚಾಚಿದರು.

"ಹಿಡಿ, ನೀನೂ ಒಂದು ಹಾಕು. ಸರ್ವೆಯರ್ ಸಹಿ ಇಲ್ದ ನೋಟಿಸು ನಡೀತೈತೇನು?"

ಅವರ ಬಾಯಲ್ಲಿ ಆ ಪದ ಕೇಳಿದ್ದು ಅದೇ ಮೊದಲು. ತಂಬಿಗೆ ಕೆಳಗಿಟ್ಟೆ. ಬುಟ್ಟಿಯಿಂದ ತುಂಬ ಒಂದು ಹಿಡಿ ತೆಗೆದುಕೊಂಡು, ಹಳ್ಳದ ಆಚೆಗೆ, ತೋಳು ಬೀಸಿ ಎಸೆದೆ.